ನೆಲದ ಋಣ: ಓದುಗರ ಪ್ರಶ್ನೆಗಳಿಗೆ ಉತ್ತರ

ತುಳುನಾಡಿನ ಉತ್ಸವಗಳಿಗೆ ತೆರೆಬೀಳುವ ಪತ್ತನಾಜೆ ಕಳೆದು, ಮೊದಲ ಮಳೆಗೆ ಕರಾವಳಿ ಕಾಯುತ್ತಿರುವ ದಿನಗಳಿವು. ಪ್ರಕೃತಿಯಿಂದ ಇಷ್ಟೊಂದು ಪಡೆದ ನಾವು ಅದಕ್ಕೆ ಮರಳಿ ಏನು ಕೊಡುತ್ತಿದ್ದೇವೆ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದಕ್ಕೆ ಮಂಗಳೂರು ಮತ್ತು ಉಡುಪಿಯ ಆಸುಪಾಸಿನಿಂದ ಅನೇಕ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೆಲವು ಪತ್ರಗಳನ್ನು ಸ್ಥಳಾಭಾವದಿಂದ ಸಂಕ್ಷೇಪಿಸಬೇಕಾಯಿತು, ಬರೆದವರು ಮನ್ನಿಸಬೇಕು.

ಪ್ರಶ್ನೆ: ನಮ್ಮದು ಹತ್ತು ಸೆಂಟ್ಸ್ ಜಾಗದಲ್ಲಿರುವ ತಾರಸಿ ಮನೆ. ಅಜ್ಜನ ಕಾಲದ ಬಾವಿಯೊಂದಿದೆ. ನಾನು ಚಿಕ್ಕವನಿದ್ದಾಗ ಮೇ ತಿಂಗಳಲ್ಲೂ ಅದರಲ್ಲಿ ಎರಡಾಳು ನೀರು ಇರುತ್ತಿತ್ತು. ಈಗ ಮಾರ್ಚ್ ಮುಗಿಯುವಷ್ಟರಲ್ಲಿ ಕೊಡಪಾನ ತಳಕ್ಕೆ ಬಡಿಯುತ್ತದೆ, ಟ್ಯಾಂಕರ್‌ಗೆ ಫೋನು ಮಾಡಬೇಕಾಗುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಹೀಗೇಕಾಗುತ್ತದೆ? ನಮ್ಮಂಥವರು ಏನು ಮಾಡಬಹುದು?
– ಓದುಗರು, ಕಾವೂರು, ಮಂಗಳೂರು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಹಾಗಿದ್ದೂ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ತಳಮುಟ್ಟಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಉಡುಪಿಗೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿತು. ಆಕಾಶ ಕೊಡುವುದರಲ್ಲಿ ಕೊರತೆ ಮಾಡಿಲ್ಲ. ನೆಲದೊಳಗೆ ನೀರು ಇಳಿಯುವ ದಾರಿಗಳನ್ನು ನಾವು ಒಂದೊಂದಾಗಿ ಮುಚ್ಚಿದ್ದೇವೆ.

ನಮ್ಮ ಗುಡ್ಡಗಳ ಮೇಲ್ಪದರ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಅದು ಜರಡಿಯಂತೆ ರಂಧ್ರಗಳಿಂದ ತುಂಬಿದ್ದು, ಮಳೆಯನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕೆಳಗಿನ ಬೈಲಿಗೂ ತೋಡಿಗೂ ಬಿಟ್ಟುಕೊಡುತ್ತದೆ. ಮೊದಲು ಗುಡ್ಡದ ಮೇಲೆ ಮರ, ಪೊದೆ, ತರಗೆಲೆಯ ಹೊದಿಕೆ ಇದ್ದಾಗ ಮಳೆನೀರು ತಡೆತಡೆದು ಇಳಿಯುತ್ತಿತ್ತು. ಬೈಲಿನ ಗದ್ದೆಗಳು ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡು ಆಸುಪಾಸಿನ ಬಾವಿಗಳನ್ನು ತುಂಬಿಸುತ್ತಿದ್ದವು. ಈಗ ಗುಡ್ಡವನ್ನು ಜೆಸಿಬಿ ತಂದು ತಟ್ಟು ಮಾಡಿದ್ದೇವೆ, ಗದ್ದೆಗೆ ಅದೇ ಮಣ್ಣು ತುಂಬಿ ಸೈಟು ಮಾಡಿದ್ದೇವೆ, ಉಳಿದ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದೇವೆ. ನಿಮ್ಮ ತಾರಸಿಯ ಪೈಪಿನ ಬಾಯಿ ಎಲ್ಲಿಗೆ ತಿರುಗಿದೆ ಎಂದು ಒಮ್ಮೆ ನೋಡಿ. ಹೆಚ್ಚಿನ ಮನೆಗಳಲ್ಲಿ ಅದು ಗೇಟಿನ ಹೊರಗಿನ ಚರಂಡಿಯ ಕಡೆಗೆ ಇರುತ್ತದೆ.

ಒಂದು ಲೆಕ್ಕ ಮಾಡೋಣ. ತಾರಸಿಯ ವಿಸ್ತೀರ್ಣ 100 ಚದರ ಮೀಟರ್ ಎಂದಿಟ್ಟುಕೊಂಡರೆ, 3,500 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವ ನೀರು ಮೂರೂವರೆ ಲಕ್ಷ ಲೀಟರ್. ಸೋರಿಕೆ, ಆವಿ, ಮೊದಲ ಮಳೆಯ ಕೊಳೆನೀರು ಎಂದು ಐದರಲ್ಲೊಂದು ಪಾಲು ಕಳೆದರೂ 2,80,000 ಲೀಟರ್ ಉಳಿಯುತ್ತದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡ ಹಿಡಿದರೆ, ನಾಲ್ವರ ಕುಟುಂಬಕ್ಕೆ ಇದು 500ಕ್ಕೂ ಹೆಚ್ಚು ದಿನಗಳ ನೀರು. ಇಷ್ಟನ್ನು ಚರಂಡಿಗೆ ಬಿಟ್ಟು, ಮಾರ್ಚ್‌ನಲ್ಲಿ ಬೇರೆ ಯಾರದೋ ಬಾವಿಯ ನೀರನ್ನು ದುಡ್ಡು ಕೊಟ್ಟು ತರಿಸುತ್ತೇವೆ. ಬಾವಿಗೆ ಇಳಿಸಿದ ನೀರು ಅಲ್ಲೇ ಕುಳಿತಿರುತ್ತದೆ ಎಂದು ನಾನು ಹೇಳುವುದಿಲ್ಲ; ಮುರಕಲ್ಲಿನ ಮೂಲಕ ಅದು ಸರಿದು ನೆರೆಯವರ ಬಾವಿಗೂ ಹೋಗುತ್ತದೆ. ಹೋಗಲಿ. ಓಣಿಯಲ್ಲಿ ಹತ್ತು ಮನೆಯವರು ಹೀಗೆ ಮಾಡಿದರೆ ಹತ್ತೂ ಬಾವಿಗಳ ನೀರು ಮೇಲೇರುತ್ತದೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮಳೆ ಹಿಡಿಯುವ ಮುನ್ನ ತಾರಸಿ ಗುಡಿಸಿ ತೊಳೆಯಿರಿ. ಪೈಪುಗಳನ್ನು ಒಂದು ಕಡೆ ಕೂಡಿಸಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ನೀರನ್ನು ಬಾವಿಗೆ ಬಿಡಿ. ಮೊದಲ ನಾಲ್ಕಾರು ಮಳೆಯ ನೀರು ಹೊರಗೆ ಹೋಗುವಂತೆ ಪೈಪಿಗೆ ಒಂದು ಕವಲು ಮತ್ತು ಮುಚ್ಚಳ ಇರಲಿ. ಶೌಚದ ಗುಂಡಿ ಬಾವಿಯಿಂದ 15 ಮೀಟರ್‌ಗಿಂತ ಹತ್ತಿರವಿದ್ದರೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಕುದಿಸಿಯೇ ಕುಡಿಯಿರಿ. ಅಂಗಳದ ನೀರನ್ನು ಮಾತ್ರ ಬಾವಿಗೆ ಬಿಡಬಾರದು. ಅದಕ್ಕೆ ಮನೆಯ ತಳಪಾಯದಿಂದ ಮೂರು ಮೀಟರ್ ದೂರದಲ್ಲಿ, ಒಂದು ಮೀಟರ್ ಉದ್ದ, ಅಗಲ, ಆಳದ ಇಂಗುಗುಂಡಿ ಸಾಕು. ಮಳೆ ಬಿಟ್ಟ ಮೇಲೂ ಅದರಲ್ಲಿ ನೀರು ನಾಲ್ಕು ದಿನಕ್ಕಿಂತ ಹೆಚ್ಚು ನಿಂತರೆ ಸೊಳ್ಳೆ ಮರಿಯಾಗುತ್ತದೆ. ಮಲೇರಿಯಾ, ಡೆಂಗಿಯ ಕಾಟ ಕಂಡಿರುವ ನಮ್ಮ ಊರಿನಲ್ಲಿ ಅಂಥ ಗುಂಡಿಯನ್ನು ಮುಚ್ಚಿ ಬೇರೆಡೆ ತೋಡುವುದೇ ಸರಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮುರಕಲ್ಲಿನ ಕೆಳಗೆ ಅನೇಕ ಕಡೆ ಶೇಡಿ ಮಣ್ಣಿನ ಪದರವಿದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಈ ಮಣ್ಣು ನೀರು ಕುಡಿದರೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಗುಡ್ಡ ಕಡಿದು ಮನೆ ಕಟ್ಟಿದಲ್ಲಿ, ಬರೆಯ (ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯ) ಮೇಲ್ಗಡೆ ಇಂಗುಗುಂಡಿ ತೋಡುವುದು ಅಪಾಯ. ಬರೆಯ ಬದಿಯಲ್ಲಿ ಬಿಳಿ ಅಥವಾ ತಿಳಿಗೆಂಪಿನ ನುಣುಪು ಮಣ್ಣು ಕಂಡರೆ, ಅಲ್ಲಿ ನೀರು ಇಂಗಿಸದೆ ಸುರಕ್ಷಿತವಾಗಿ ಕೆಳಗೆ ಹರಿಯಬಿಡುವುದೇ ವಿವೇಕ.

ಬೋಳುಗುಡ್ಡದಲ್ಲಿಯೂ ನೀರು ಕಾಣಬಹುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದ ನಡುವೆ ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದರು. ತೆಗೆದ ಸುರಂಗಗಳು ಒಂದರ ಹಿಂದೆ ಒಂದು ಒಣಗಿದ್ದರೂ ಕೈಬಿಡದೆ ಕೊನೆಗೆ ನೀರು ಕಂಡು, ಆ ಬೋಳುಗುಡ್ಡದಲ್ಲಿ ಅಡಿಕೆ, ತೆಂಗಿನ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೀರನ್ನು ಪಂಪು ಹಾಕಿ ಹೀರಲಾಗದು, ಅದು ತಾನಾಗಿ ಹರಿದು ಬಂದಷ್ಟನ್ನೇ ಬಳಸಬೇಕು. ಬಳಕೆಗೆ ನೆಲವೇ ಮಿತಿ ಹಾಕುವ ಈ ಏರ್ಪಾಡು ಕೊಳವೆಬಾವಿಯ ಕಾಲದ ನಮಗೆ ಮರೆತೇಹೋಗಿದೆ.

ಪ್ರಶ್ನೆ: ನಮ್ಮ ಮಹಿಳಾ ಮಂಡಲದಿಂದ ಪ್ರತಿ ವರ್ಷ ಜೂನ್ 5ರಂದು ನೂರು ಗಿಡ ಹಂಚುತ್ತೇವೆ. ಹಿಂದಿನ ವರ್ಷಗಳ ಗಿಡಗಳನ್ನು ಹುಡುಕಿಕೊಂಡು ಹೋದರೆ ಬೆರಳೆಣಿಕೆಯಷ್ಟೂ ಸಿಗಲಿಲ್ಲ. ಬೇಸರವಾಗಿದೆ. ಈ ಬಾರಿ ಏನು ನೆಡೋಣ?
– ಓದುಗರು, ಬ್ರಹ್ಮಾವರ

ಉತ್ತರ: ಹುಡುಕಿಕೊಂಡು ಹೋದಿರಲ್ಲ ಅಕ್ಕ, ಅದಕ್ಕೇ ನಿಮಗೆ ಕೈಮುಗಿಯಬೇಕು. ಎಷ್ಟು ಗಿಡ ನೆಟ್ಟೆವೆಂದು ಎಲ್ಲರೂ ಬರೆದಿಡುತ್ತಾರೆ, ಎಷ್ಟು ಉಳಿದವೆಂದು ಲೆಕ್ಕ ಇಡುವವರು ಕಡಿಮೆ. ಈ ಬಾರಿ ನೂರರ ಬದಲು ಹತ್ತು ನೆಡಿ. ಒಂದೊಂದು ಗಿಡಕ್ಕೂ ಒಂದು ಮನೆಯವರ ಹೊಣೆ ಇರಲಿ. ಮೂರು ಬೇಸಿಗೆ ದಾಟುವವರೆಗೆ ಆ ಮನೆಯವರೇ ಅದಕ್ಕೆ ನೀರು ಹಾಕಲಿ. ನಮ್ಮಲ್ಲಿ ಗಿಡ ಸಾಯುವುದು ಮಳೆಗಾಲದಲ್ಲಿ ಅಲ್ಲ, ಫೆಬ್ರವರಿಯಿಂದ ಮೇವರೆಗಿನ ಬಿಸಿಲಿಗೆ. ಉಳಿದವನ್ನು ಬಿಡಾಡಿ ದನಗಳು, ರಸ್ತೆಬದಿಯ ಹುಲ್ಲು ಕತ್ತರಿಸುವ ಯಂತ್ರ ಮುಗಿಸುತ್ತವೆ. ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ಹುಲಿಕಲ್ಲಿನ ರಸ್ತೆಬದಿಯ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತರು, ಬೇಲಿ ಕಟ್ಟಿದರು. ಆ ಮರಗಳು ಇಂದು ನೆರಳು ಕೊಡುತ್ತಿರುವುದು ಅದರಿಂದ.

ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮುರಕಲ್ಲು ಗಟ್ಟಿಯಿದ್ದಲ್ಲಿ ಹಾರೆಯಿಂದ ಕಲ್ಲೊಡೆದು, ತರಗೆಲೆ, ಹಟ್ಟಿಗೊಬ್ಬರ, ಮೇಲ್ಮಣ್ಣು ಬೆರೆಸಿ ತುಂಬಿ. ಮಳೆ ನಾಲ್ಕು ದಿನ ಹಿಡಿದು ಬಿದ್ದ ಮೇಲೆ ನೆಡಿ. ಜೂನ್ 5 ಎಂಬುದು ಸಭೆಯ ದಿನವಾಗಿರಲಿ, ನೆಡುವ ದಿನವನ್ನು ಮಳೆಯೇ ಹೇಳಲಿ. ಕೊನೆಯ ಮಳೆ ಕಳೆದೊಡನೆ ಬುಡಕ್ಕೆ ಒಣ ಹುಲ್ಲು, ತೆಂಗಿನ ಸಿಪ್ಪೆ ಮಗುಚಿ ಹಾಕಿ ಮುಚ್ಚಿದರೆ ವಾರಕ್ಕೆರಡು ಕೊಡ ನೀರಿನಲ್ಲಿ ಗಿಡ ಬದುಕುತ್ತದೆ.

ಇನ್ನು ಜಾತಿಯ ವಿಚಾರ. ಅಕೇಶಿಯಾ ಬೇಗ ಬೆಳೆಯುತ್ತದೆಂದು ಅದನ್ನೇ ಎಲ್ಲೆಡೆ ನೆಟ್ಟೆವು. ಅದರ ಎಲೆ ಬೇಗ ಕರಗುವುದಿಲ್ಲ, ಬುಡದಲ್ಲಿ ಬೇರೆ ಗಿಡ ಏಳುವುದು ಕಷ್ಟ, ನಮ್ಮ ಹಕ್ಕಿಗಳಿಗೆ ಅದರಲ್ಲಿ ಹೇಳಿಕೊಳ್ಳುವಂಥ ಹಣ್ಣಿಲ್ಲ. ನಿಮ್ಮ ಊರಿಗೆ ಕಾಟುಮಾವು, ಹೆಬ್ಬಲಸು, ನೇರಳೆ, ಪುನರ್ಪುಳಿ, ರೆಂಜೆ, ಸುರಹೊನ್ನೆ ಇವೇ ಸೈ. ಕಾಟುಮಾವಿನ ಗೊರಟನ್ನು ಅಂಗಡಿಯಲ್ಲಿ ಹುಡುಕಬೇಕಿಲ್ಲ. ಈ ತಿಂಗಳು ನಿಮ್ಮ ಅಡುಗೆಮನೆಯಲ್ಲಿ ಗೊಜ್ಜು, ಸಾಸಿವೆ ಮಾಡಿ ಎಸೆದ ಗೊರಟುಗಳನ್ನೇ ಮಣ್ಣಿನ ತೊಟ್ಟೆಗೆ ಹಾಕಿ ಮೊಳಕೆ ಬರಿಸಿದರೆ, ನಿಮ್ಮ ಊರಿನ ಹುಳಿಸಿಹಿಯೇ ಮುಂದಿನ ತಲೆಮಾರಿಗೆ ಉಳಿಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಮಾತ್ರ ದೊಡ್ಡ ಮರ ನೆಡಬೇಡಿ. ಅದರ ಕೊಂಬೆ ಪ್ರತಿ ವರ್ಷ ಕಡಿಯುವವರ ಕೈಗೆ ಸಿಗುತ್ತದೆ.

ಪ್ರಶ್ನೆ: ನಮ್ಮ ಕುಟುಂಬದ ನಾಗಬನ ಸುಮಾರು ಇಪ್ಪತ್ತು ಸೆಂಟ್ಸ್ ಇದೆ. ಮುಂಬಯಿಯಲ್ಲಿರುವ ನಮ್ಮವರು ಹಣ ಹಾಕಿ ಜೀರ್ಣೋದ್ಧಾರ ಮಾಡಿಸುವ ಉತ್ಸಾಹದಲ್ಲಿದ್ದಾರೆ. ಮರ, ಬಳ್ಳಿ ತೆಗೆದು ಸುತ್ತ ಗೋಡೆ ಕಟ್ಟಿ, ನೆಲಕ್ಕೆ ಗ್ರಾನೈಟ್ ಹಾಸುವ ಯೋಜನೆಯಿದೆ. ನನಗೆ ಮನಸ್ಸಿಲ್ಲ. ಆದರೆ ಹಿರಿಯರೆದುರು ಏನೆಂದು ಹೇಳಲಿ?
– ಓದುಗರು, ಕಟಪಾಡಿ

ಉತ್ತರ: ನಿಮ್ಮವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಊರು ಬಿಟ್ಟು ದುಡಿದವರು ದುಡಿದದ್ದರಲ್ಲಿ ಒಂದು ಪಾಲನ್ನು ಮೂಲಸ್ಥಾನಕ್ಕೆ ಕೊಡಬೇಕೆಂದು ಬಯಸುವುದು ದೊಡ್ಡ ಗುಣ. ಆದುದರಿಂದ ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ‘ಬನ’ ಎಂಬ ಮಾತನ್ನೇ ಅವರ ಮುಂದಿಡಿ. ನಮ್ಮ ಹಿರಿಯರು ನಾಗನಿಗೆ ಗುಡಿ ಎನ್ನಲಿಲ್ಲ, ಬನ ಎಂದರು. ಕಲ್ಲು ಇರುವುದು ಮರಗಳ ನಡುವೆ. ಮರಗಳೇ ಗರ್ಭಗುಡಿಯ ಗೋಡೆ, ಅವುಗಳ ನೆತ್ತಿಯೇ ಮಾಡು. ಕೊಡಲಿ ಒಯ್ಯಬಾರದು, ಒಣಗಿದ ಕೊಂಬೆಯನ್ನೂ ಮನೆಗೆ ತರಬಾರದು ಎಂಬ ಕಟ್ಟುಪಾಡಿನಿಂದಾಗಿ, ಸುತ್ತಲಿನ ಗುಡ್ಡಗಳೆಲ್ಲ ಬೋಳಾದ ಮೇಲೂ ತುಳುನಾಡಿನ ಹಳೆಯ ಕಾಡಿನ ತುಣುಕುಗಳು ಈ ಬನಗಳಲ್ಲಿ ಉಳಿದುಕೊಂಡವು.

ಕಳೆದ ಅಕ್ಟೋಬರ್‌ನಲ್ಲಿ ಸಂಬಂಧಿಕರ ಬನವೊಂದರಲ್ಲಿ ನಾನು ಒಂದು ಹಿಡಿ ನೆಲವನ್ನು ಕೈಯಲ್ಲಿ ಬಗೆದು ನೋಡಿದೆ. ಮೇಲೆ ರೆಂಜೆಯ ಒಣ ಎಲೆಗಳು ಗರಿಗರಿಯಾಗಿದ್ದವು. ಅದರ ಕೆಳಗೆ ಅರ್ಧ ಕೊಳೆತ, ನರಗಳಷ್ಟೇ ಬಲೆಯಂತೆ ಉಳಿದ ಎಲೆಗಳು, ಅವುಗಳ ಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಷ್ಟು. ಇನ್ನೂ ಎರಡು ಬೆರಳು ಕೆಳಗೆ ಕಪ್ಪನೆಯ, ಒದ್ದೆಯಾದ, ಕೈಗೆ ಅಂಟದೆ ಉದುರುವ ಮಣ್ಣು. ಬೆರಳಿಗೆ ಸುತ್ತಿಕೊಂಡ ಸಹಸ್ರಪದಿ, ಬೆಳಕು ಕಂಡು ಹಿಂದಕ್ಕೆ ಸರಿದ ಎರೆಹುಳು, ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ಕಪ್ಪೆಮರಿ. ಮಳೆ ಬಿಟ್ಟು ಎಂಟು ದಿನವಾಗಿತ್ತು; ಬನದ ಹೊರಗಿನ ದಾರಿಯಲ್ಲಿ ಧೂಳೇಳುತ್ತಿತ್ತು. ಆ ಬನಕ್ಕೆ ತಾಗಿದ ಬಾವಿಯಲ್ಲಿ ನೀರು ಬತ್ತಿದ್ದನ್ನು ಮನೆಯವರು ನೋಡಿಲ್ಲವಂತೆ. ಅದಕ್ಕೆ ಆ ನೆಲವೂ ಒಂದು ಕಾರಣವಿರಬೇಕು: ಅದು ಬಿದ್ದ ಮಳೆಯನ್ನು ತಡೆದು ನಿಧಾನವಾಗಿ ಒಳಗೆ ಇಳಿಸುತ್ತದೆ.

ಅದರ ಮೇಲೆ ಗ್ರಾನೈಟ್ ಹಾಸಿದರೆ ಈ ಎಲ್ಲವೂ ಒಂದೇ ಮಳೆಗಾಲದಲ್ಲಿ ಮುಗಿಯುತ್ತದೆ. ಕಪ್ಪೆ, ಇಲಿ ಇಲ್ಲದಲ್ಲಿ ನಾಗರಹಾವಾಗಲಿ ಕೇರೆಯಾಗಲಿ ಏಕೆ ಬಂದಾವು? ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹಾವು ನಿಲ್ಲಲಾರದು. ನಾಗನ ಹೆಸರಿನಲ್ಲಿ ನಾಗನನ್ನೇ ಒಕ್ಕಲೆಬ್ಬಿಸಿದಂತಾಗುತ್ತದೆ. ಹಣ್ಣು ತಿಂದು ಬೀಜ ಬಿತ್ತುವ ಕುಟ್ರು ಹಕ್ಕಿ, ಮಂಗಟ್ಟೆ, ಬಾವಲಿಗಳೂ ಆ ಊರಿನ ದಾರಿ ಮರೆಯುತ್ತವೆ.

ಹಾಗಾದರೆ ಹಣವನ್ನು ಏನು ಮಾಡುವುದೆಂದು ಹಿರಿಯರು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿಟ್ಟುಕೊಳ್ಳಿ. ಮೂರ್ತಿಕಲ್ಲುಗಳಿರುವ ಕಟ್ಟೆಯನ್ನು ಮುರಕಲ್ಲಿನಲ್ಲೇ ದುರಸ್ತಿ ಮಾಡಿಸಬಹುದು. ಜಾಗದ ಸರ್ವೆ ಮಾಡಿಸಿ ಗಡಿ ಗಟ್ಟಿಮಾಡಬಹುದು. ಗೋಡೆಯ ಬದಲು ಜೀವಂತ ಬೇಲಿ ಹಾಕಬಹುದು. ಒಣಗಿಹೋದ ಮರಗಳ ಜಾಗದಲ್ಲಿ ಸುರಹೊನ್ನೆ, ಪಾಲೆ, ನಾಗಸಂಪಿಗೆ ನೆಟ್ಟು, ಐದು ವರ್ಷ ನೋಡಿಕೊಳ್ಳಲು ಊರಲ್ಲೊಬ್ಬರಿಗೆ ಸಂಬಳ ಕೊಡಬಹುದು. ನಿಮ್ಮ ತಂತ್ರಿಗಳನ್ನು ಮೊದಲೇ ಕಂಡು ಮಾತಾಡಿ. ಬನ ಬನವಾಗಿಯೇ ಇರಲಿ ಎನ್ನುವ ಪುರೋಹಿತರು ನಮ್ಮಲ್ಲಿದ್ದಾರೆ, ಅವರ ಬಾಯಿಂದ ಬಂದ ಮಾತಿಗೆ ಮುಂಬಯಿಯವರೂ ಇಲ್ಲವೆನ್ನಲಾರರು. ಹಾಗೆಯೇ ನಾಗರಪಂಚಮಿಯಂದು ತನು (ನಾಗನಿಗೆ ಹಾಲು, ಎಳನೀರಿನ ಅಭಿಷೇಕ) ಎರೆದು ಹೊರಡುವಾಗ, ಹಾಲಿನ ಪ್ಯಾಕೆಟ್, ಅರಸಿನದ ತೊಟ್ಟೆ, ಊದುಕಡ್ಡಿಯ ಕವರುಗಳನ್ನು ಮನೆಗೆ ಮರಳಿ ಒಯ್ಯುವ ಒಂದು ಚೀಲವನ್ನು ಬನದ ಬಾಗಿಲಲ್ಲಿ ತೂಗುಹಾಕಿ.

ಪ್ರಶ್ನೆ: ಫ್ಲ್ಯಾಟಿನಲ್ಲಿರುವ ನಾವು ಹಸಿಕಸ, ಒಣಕಸ ಬೇರೆ ಮಾಡಿ ಕೊಡುತ್ತೇವೆ. ಇಷ್ಟು ಸಾಲದೇ? ಮನೆಯಲ್ಲೇ ಗೊಬ್ಬರ ಮಾಡಲು ಹೋಗಿ ಮಳೆಗಾಲದಲ್ಲಿ ಹುಳವಾಗಿ, ಅತ್ತೆಯವರಿಂದ ಬೈಸಿಕೊಂಡೆ.
– ಓದುಗರು, ಕದ್ರಿ

ಉತ್ತರ: ಬೇರೆ ಮಾಡಿ ಕೊಡುವುದು ಬಹಳ ದೊಡ್ಡ ಕೆಲಸವೇ, ಅದನ್ನು ಬಿಡಬೇಡಿ. ಆದರೆ 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಪಚ್ಚನಾಡಿಯ ಕಸದ ಬೆಟ್ಟ ಜರಿದು ಕೆಳಗಿನ ಮಂದಾರದ ಮನೆಗಳನ್ನೂ ತೋಟಗಳನ್ನೂ ಆವರಿಸಿದ್ದನ್ನು ಮಂಗಳೂರಿನವರು ಮರೆಯಬಾರದು. ತಲೆಮಾರುಗಳ ಅಡಿಕೆ, ತೆಂಗು ಕಸದಡಿ ಹೋಯಿತು. ಆ ರಾಶಿಯಲ್ಲಿ ನಮ್ಮೆಲ್ಲರ ಮನೆಯ ಬಾಳೆಹಣ್ಣಿನ ಸಿಪ್ಪೆಯೂ, ಮೀನಿನ ಮುಳ್ಳೂ ಇತ್ತು. ಹಸಿಕಸ ಮನೆಯಿಂದ ಹೊರಟರೆ ಅದು ಇನ್ನೊಬ್ಬರ ಅಂಗಳಕ್ಕೇ ಹೋಗುತ್ತದೆಂಬ ಅರಿವಿನಿಂದ ನಿಮ್ಮ ಪ್ರಯತ್ನವನ್ನು ಮುಂದುವರಿಸಿ.

ಹುಳವಾಗಲು ಕಾರಣ ನೀರಿನಂಶ. ಒಂದು ಪಾಲು ಅಡುಗೆಮನೆಯ ಕಸಕ್ಕೆ ಎರಡು ಪಾಲು ಒಣಗಿದ್ದು ಬೇಕು. ಜನವರಿಯಿಂದ ಮೇವರೆಗೆ ನಿಮ್ಮ ಓಣಿಯಲ್ಲಿ ಜನರು ರಾಶಿ ಹಾಕಿ ಸುಡುವ ತರಗೆಲೆಯನ್ನು ಎರಡು ಗೋಣಿ ತುಂಬಿಸಿ ಬಾಲ್ಕನಿಯಲ್ಲಿಡಿ; ಅದೇ ಮಳೆಗಾಲದ ಬಂಡವಾಳ. ತೆಂಗಿನ ನಾರಿನ ಪುಡಿಯೂ ಆಗುತ್ತದೆ. ತೂತಿರುವ ಡಬ್ಬದಲ್ಲಿ ಪ್ರತಿ ದಿನದ ಕಸದ ಮೇಲೆ ಒಣ ಎಲೆ ಮುಚ್ಚಿ, ವಾರಕ್ಕೊಮ್ಮೆ ಕೈಯಾಡಿಸಿ, ಒಂದು ಚಮಚ ಹುಳಿಮಜ್ಜಿಗೆ ಚಿಮುಕಿಸಿ. ಮೀನು, ಮಾಂಸ, ಎಣ್ಣೆಯಂಶವನ್ನು ಇದಕ್ಕೆ ಹಾಕಬೇಡಿ. ಕಂದು ಬಣ್ಣದ ದಪ್ಪ ಹುಳಗಳು ಕಂಡರೆ ಅವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಅತ್ತೆಯವರಿಗೆ ಇದನ್ನು ಮಾತಿನಲ್ಲಿ ಹೇಳಿದರೆ ಸಮಾಧಾನವಾಗಲಿಕ್ಕಿಲ್ಲ. ಮೊದಲ ಗೊಬ್ಬರವನ್ನು ಅವರ ಮಲ್ಲಿಗೆ ಕುಂಡಕ್ಕೇ ಹಾಕಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಕಡಲ ತೀರದಲ್ಲಿ ಬೆಳಿಗ್ಗೆ ಟ್ರಾಕ್ಟರ್ ಹೋದಂಥ ಸಣ್ಣ ಗುರುತು ನೋಡಿದೆ. ಆಮೆ ಬಂದದ್ದು ಎಂದು ಅಜ್ಜ ಹೇಳಿದರು. ಮತ್ತೆ ಕಂಡರೆ ಏನು ಮಾಡಬೇಕು?
– ವಿದ್ಯಾರ್ಥಿನಿ, ಕುಂದಾಪುರ ತಾಲೂಕು

ಉತ್ತರ: ಅಜ್ಜ ಹೇಳಿದ್ದು ಸರಿ, ಮಗು. ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುವುದು ಆಲಿವ್ ರಿಡ್ಲೆ ಎಂಬ ಕಡಲಾಮೆ. ಅದು ರಾತ್ರಿ ಮರಳು ತೋಡಿ ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಬೆಳಗಾಗುವ ಮೊದಲು ಕಡಲಿಗೆ ಮರಳುತ್ತದೆ. ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಳಿನ ಬಿಸಿ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು ಮರಿಗಳು ಹೆಚ್ಚಾಗುತ್ತವೆ. ಇರುಳಿನಲ್ಲಿ ಕಡಲಿನ ಮೇಲಿನ ಬೆಳಕನ್ನು ನೋಡಿ ಅವು ದಾರಿ ಹಿಡಿಯುತ್ತವೆ. ದಡದಲ್ಲಿ ಜೋರಾದ ದೀಪವಿದ್ದರೆ ತಪ್ಪಿ ರಸ್ತೆಯ ಕಡೆ ಬರುತ್ತವೆ. ಆದ್ದರಿಂದ ತೀರದ ಮನೆಯವರು ಆ ದಿನಗಳಲ್ಲಿ ಹೊರಗಿನ ದೀಪ ಆರಿಸಿದರೆ ಅದೇ ದೊಡ್ಡ ಉಪಕಾರ. ದಡದಲ್ಲಿ ಬಿದ್ದಿರುವ ಹರಿದ ಬಲೆಯ ತುಂಡುಗಳನ್ನು ನೀವು ಗೆಳತಿಯರು ಸೇರಿ ಹೆಕ್ಕಿದರೆ ಇನ್ನೊಂದು ಉಪಕಾರ. ಆಮೆಗಳು ಅದಕ್ಕೆ ಸಿಕ್ಕಿಕೊಂಡು ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತವೆ.

ಗುರುತು ಕಂಡಾಗ ಗೂಡನ್ನು ಬಗೆಯಬೇಡಿ, ಮೊಟ್ಟೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಆಮೆಗೆ ಮೊದಲ ಅನುಸೂಚಿಯ ರಕ್ಷಣೆಯಿದೆ. ನಾಯಿಗಳನ್ನು ದೂರವಿಡಲು ಅಜ್ಜನನ್ನು ಅಲ್ಲೇ ನಿಲ್ಲಿಸಿ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಮನೆಯವರಿಂದ ಫೋನು ಮಾಡಿಸಿ. ಅವರು ಬರುವುದು ತಡವಾಗಬಹುದು, ಅಷ್ಟರಲ್ಲಿ ಉಬ್ಬರ ಬಂದರೆ ಜಾಡು ಅಳಿಸಿಹೋಗುತ್ತದೆ. ಹಾಗಾಗಿ ಜಾಡಿನ ಫೋಟೊ ತೆಗೆದು, ಗೂಡಿನ ನೇರಕ್ಕೆ ದಡದಲ್ಲಿರುವ ಒಂದು ತೆಂಗಿನ ಮರವನ್ನು ಗುರುತಿಟ್ಟು, ಅದರಿಂದ ಎಷ್ಟು ಹೆಜ್ಜೆ ಎಂದು ಎಣಿಸಿ ಪುಸ್ತಕದಲ್ಲಿ ಬರೆದಿಡಿ.